ಕರೆದವರು ಯಾರು?

ಹೋದ ವರ್ಷದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗಳು ಮೂರು ದಿನದ ಯುವಜನ ಶಿಬಿರ ಮುಗಿಸಿಕೊಂಡು ತನ್ನ ಮನೆಗೆ ಹೋಗದೆ ನೇರವಾಗಿ ನಮ್ಮ ಮನೆಗೆ ಬಂದಳು. ಬಟ್ಟೆಯ ಚೀಲವನ್ನು ಜಗಲಿಯಲ್ಲಿಟ್ಟು, ಮುಖ ತೊಳೆದು, ಎರಡು ಲೋಟ ಪುನರ್ಪುಳಿ ಶರಬತ್ತು ಕುಡಿದು, ಆಮೇಲೆ ತನ್ನ ಸತ್ಯವೇದದ ನಡುವಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಮೇಲ್ಗಡೆ ದಪ್ಪಕ್ಷರದಲ್ಲಿ ಒಂದು ಸಾಲು ಅಚ್ಚಾಗಿತ್ತು: ನನ್ನ ಜೀವಿತಕ್ಕಾಗಿ ದೇವರ ಉದ್ದೇಶ. ಅದರ ಕೆಳಗೆ ಹತ್ತು ಹನ್ನೆರಡು ಗೆರೆ. ಗೆರೆಗಳ ಮೇಲೆ ಏನೂ ಇರಲಿಲ್ಲ.

ಕೊನೆಯ ದಿನ ಮಕ್ಕಳಿಗೆಲ್ಲ ಒಂದು ಗಂಟೆಯ ಮೌನ ಕೊಟ್ಟಿದ್ದರಂತೆ. ಒಬ್ಬೊಬ್ಬರೂ ಒಂದೊಂದು ಕಡೆ ಕುಳಿತು, ಪ್ರಾರ್ಥಿಸಿ, ದೇವರು ತೋರಿಸಿದ್ದನ್ನು ಬರೆಯಬೇಕು. ಆಮೇಲೆ ಎಲ್ಲರ ಮುಂದೆ ಓದಬೇಕು. ಒಬ್ಬಳು ಡಾಕ್ಟರಾಗಿ ಬಡವರ ಸೇವೆ ಎಂದು ಬರೆದಳು. ಒಬ್ಬ ಸುವಾರ್ತೆ ಸಾರುವ ಕೆಲಸ ಎಂದು ಬರೆದ. ಇನ್ನೊಬ್ಬ ಐ.ಎ.ಎಸ್. ಎಂದು ಬರೆದನಂತೆ, ಅದಕ್ಕೂ ಚಪ್ಪಾಳೆ ಬಿತ್ತು. ಇವಳು ಹಲಸಿನ ಮರದ ಬುಡದಲ್ಲಿ ಗಂಟೆಪೂರ್ತಿ ಕಣ್ಣುಮುಚ್ಚಿ ಕುಳಿತಿದ್ದಳು. ಕೇಳಿಸಿದ್ದು ಕಾಗೆ ಕೂಗಿದ್ದು, ಅಡಿಗೆಯವರು ದೊಡ್ಡ ಪಾತ್ರೆ ತಿಕ್ಕಿದ್ದು, ಯಾರೋ ಯಾರನ್ನೋ ಬೈದದ್ದು.

“ದೊಡ್ಡಮ್ಮ, ಎಲ್ಲರಿಗೂ ಹೇಳಿದ ದೇವರು ನನಗೆ ಮಾತ್ರ ಏನೂ ಹೇಳಲಿಲ್ಲ. ನನ್ನ ಬಗ್ಗೆ ಅವರಿಗೆ ಯೋಚನೆಯೇ ಇಲ್ಲವೇನೋ” ಎಂದಳು. ನಗುತ್ತಲೇ ಹೇಳಿದಳು. ಆದರೆ ಹಾಳೆಯ ಅಂಚನ್ನು ಬೆರಳಿನಲ್ಲಿ ಸುತ್ತಿ ಸುತ್ತಿ ಅದು ಕೊಳವೆಯ ಹಾಗಾಗಿತ್ತು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಡೇಸ್ಕೂಲಿನಲ್ಲಿ ಪಾಠ ಹೇಳುತ್ತಿರುವ ನನಗೆ ಇಂಥ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕಿತ್ತು. ಹಿಂದೆ ಇತ್ತು ಕೂಡ. ಅಂದು “ಮೊದಲು ಸ್ನಾನ ಮಾಡು, ಊಟ ಮಾಡು” ಎಂದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಬೇಕಾದರೆ ಹಿಂದಿನ ಕಥೆ ಹೇಳಬೇಕು.

ನಮ್ಮ ಮನೆಗಳಲ್ಲಿ ಉಸಿರಾಟದಷ್ಟು ಸಹಜವಾದ ಒಂದು ಮಾತಿದೆ, ದೇವರ ಚಿತ್ತ. ಹೆಣ್ಣು ನೋಡಲು ಬಂದವರು ಒಪ್ಪಿದರೆ ದೇವರ ಚಿತ್ತ, ಒಪ್ಪದಿದ್ದರೂ ದೇವರ ಚಿತ್ತ. ಬೇರೆ ಮನೆಗಳ ಗೆಳತಿಯರು ಇದನ್ನು ಕೇಳಿ “ಹಣೆಬರಹ ಅಂತ ನಾವು ಹೇಳುವುದಿಲ್ಲವೆ, ಅದೇ ತಾನೆ?” ಎನ್ನುತ್ತಾರೆ. ಅದೇ ಅಲ್ಲ. ಹಣೆಬರಹವನ್ನು ಮೊದಲೇ ಓದಲೇಬೇಕೆಂಬ ಜುಲುಮೆ ಇಲ್ಲ. ಬದುಕುತ್ತಾ ಹೋದ ಹಾಗೆ ಅದು ತಾನಾಗಿ ಗೊತ್ತಾಗುತ್ತದೆ, ತಪ್ಪಿಹೋಗುವ ಭಯವೂ ಇಲ್ಲ. ದೇವರ ಚಿತ್ತ ಹಾಗಲ್ಲ. ಅದನ್ನು ಮೊದಲೇ ತಿಳಿದುಕೊಳ್ಳಬೇಕು, ತಿಳಿದು ಒಪ್ಪಬೇಕು, ಒಪ್ಪಿ ನಡೆಯಬೇಕು. ತಪ್ಪಿದರೆ? ಬೇರೆ ಊರಿನ ಬಸ್ಸು ಹತ್ತಿದ ಹಾಗೆ, ಇಡೀ ಬದುಕೇ ಎತ್ತಲೋ ಹೋಗಿಬಿಟ್ಟಿತು ಎಂಬ ಹೆದರಿಕೆ. ಹದಿನೆಂಟು ವರ್ಷದ ಮಕ್ಕಳಿಗೆ ಇದು ಸಣ್ಣ ಹೆದರಿಕೆಯಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಮತ್ತೊಮ್ಮೆ ಬರೆಯಬಹುದು. ದೇವರ ಚಿತ್ತದಲ್ಲಿ ಫೇಲಾದವರಿಗೆ ಮರುಪರೀಕ್ಷೆ ಉಂಟೋ ಇಲ್ಲವೋ ಎಂದು ಯಾರೂ ಹೇಳಿರುವುದಿಲ್ಲ.

ಈ ಹೆದರಿಕೆಗೆ ನಾವು ಕೊಡುವ ಔಷಧಿಯೂ ಒಂದಿದೆ, ಹೊಸ ವರ್ಷದ ವಾಗ್ದಾನದ ಕಾರ್ಡು. ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ಬೋರಲು ಹಾಕಿದ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಳ್ಳುವುದು ಎಷ್ಟೋ ಸಭೆಗಳ ರೂಢಿ. ಯುವಜನರಿಗಾಗಿ ಮಾಡಿದ ಕಾರ್ಡುಗಳಲ್ಲಿ ತಪ್ಪದೆ ಸಿಗುವ ವಚನ ಯೆರೆಮೀಯನ ಪುಸ್ತಕದ ಇಪ್ಪತ್ತೊಂಬತ್ತನೆಯ ಅಧ್ಯಾಯದ್ದು. ನಿಮ್ಮ ಕುರಿತು ನನಗಿರುವ ಯೋಚನೆ ಕೇಡಿನದಲ್ಲ, ಹಿತದ್ದು ಎಂದು ದೇವರು ಹೇಳುವ ಮಾತು. ನಾನೇ ಎಷ್ಟೋ ಮಕ್ಕಳಿಗೆ ಅದನ್ನು ಬಣ್ಣದ ಕಾಗದದಲ್ಲಿ ಬರೆದು ಕೊಟ್ಟಿದ್ದೇನೆ. ಅದರ ಹಿಂದುಮುಂದು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅದು ಒಬ್ಬ ಹುಡುಗನಿಗೋ ಹುಡುಗಿಗೋ ಬರೆದದ್ದಲ್ಲ. ಬಾಬೆಲಿಗೆ ಸೆರೆಹೋದ ಒಂದು ಜನಾಂಗಕ್ಕೆ ಬರೆದ ಪತ್ರ. ಇನ್ನೇನು ಊರಿಗೆ ಹೋಗುತ್ತೇವೆ ಎಂದು ಗಂಟುಮೂಟೆ ಕಟ್ಟಿ ಕುಳಿತವರಿಗೆ ಪ್ರವಾದಿ ಹೇಳುವುದು ಬೇರೆಯೇ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಹಿಡಿದ ಆ ಊರಿಗೇ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಿ, ಎಪ್ಪತ್ತು ವರ್ಷ ಆಗಬೇಕು ಎನ್ನುತ್ತಾನೆ. ಎಪ್ಪತ್ತು ವರ್ಷ! ಆ ಪತ್ರವನ್ನು ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅದು ಕೈಗೂಡುವುದನ್ನು ನೋಡದೆ ಬಾಬೆಲಿನ ಮಣ್ಣಿನಲ್ಲೇ ಸತ್ತಿರಬೇಕು. ಅವರಿಗೆ ಸಿಕ್ಕ ದೇವರ ಉದ್ದೇಶವೆಂದರೆ ತೋಟಕ್ಕೆ ನೀರು ಹಾಕುವುದು. ಕಾರ್ಡಿನಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ, ನಿಜ.

ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲವೆಂದು ತೋರುತ್ತದೆ. ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರನ್ನು ಮನೆಯಿಂದ, ಜಾತಿಯಿಂದ ಹೊರಗೆ ಹಾಕುತ್ತಿದ್ದರು. ಶೇಂದಿ ಇಳಿಸುತ್ತಿದ್ದವರು ಸಭೆಗೆ ಸೇರಿದ ಮೇಲೆ ಆ ಕಸುಬನ್ನು ಬಿಡಬೇಕಾಗಿತ್ತು. ಅನ್ನಕ್ಕೆ ದಾರಿ ಕಾಣಿಸಬೇಕಾದ ಹೊಣೆ ಮಿಷನಿನ ಮೇಲೆ ಬಿತ್ತು. 1841ರಲ್ಲಿ ಅಚ್ಚುಕೂಟ ಬಂತು, ಆಮೇಲೆ ಮಗ್ಗಗಳು ಬಂದವು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮ ಅಜ್ಜನ ಅಜ್ಜ ಮತ್ತು ಅವರ ತಮ್ಮನನ್ನು ಸಾಹೇಬರ ಎದುರು ನಿಲ್ಲಿಸಿದಾಗ ಅಣ್ಣನ ತೋಳು ನೋಡಿ ಹೆಂಚಿಗೆ, ತಮ್ಮನ ಓದು ನೋಡಿ ಅಚ್ಚುಕೂಟಕ್ಕೆ ಎಂದರಂತೆ. ಒಂದು ನಿಮಿಷದ ಕೆಲಸ. ಇಬ್ಬರೂ ಸಾಯುವವರೆಗೆ ಅದನ್ನು ದೇವರ ಕರೆಯೆಂದೇ ನಂಬಿ ದುಡಿದರು. ನಂಬಲು ಕಾರಣವೂ ಇತ್ತು. ದೇವರ ಕರೆ ಸನ್ಯಾಸಿಗಳಿಗೆ ಮಾತ್ರವಲ್ಲ, ಚಮ್ಮಾರನಿಗೂ ಹಾಲು ಕರೆಯುವವಳಿಗೂ ಉಂಟು ಎಂದು ಸಾರಿದ ಲೂಥರನ ಬೋಧನೆಯಲ್ಲಿ ಬೆಳೆದವರು ಆ ಸಾಹೇಬರು. ಜರ್ಮನ್ ಭಾಷೆಯಲ್ಲಿ ಕಸುಬು ಎನ್ನುವ ಪದದ ಹೊಟ್ಟೆಯೊಳಗೇ ಕರೆ ಎನ್ನುವ ಪದ ಕುಳಿತಿದೆ. ಮಣ್ಣು ತುಳಿಯುವವನ ಬೆನ್ನನ್ನು ನೆಟ್ಟಗೆ ಮಾಡಿದ ದೊಡ್ಡ ಮಾತು ಅದು. ಆದರೆ ಅದೇ ಮಾತು, ನಿನ್ನನ್ನು ನಿಲ್ಲಿಸಿದ ಜಾಗದಲ್ಲೇ ನಿಂತಿರು ಎನ್ನುವುದಕ್ಕೂ ಒದಗುತ್ತದೆ. ಅಣ್ಣನಿಗೆ ಓದಬೇಕೆಂಬ ಆಸೆಯಿತ್ತೋ ಏನೋ. ಅದನ್ನು ಕೇಳಿದವರ ಕಥೆ ನಮ್ಮ ಮನೆಯಲ್ಲಿ ಉಳಿದಿಲ್ಲ.

ನಾನೂ ಒಮ್ಮೆ ಆ ಸಾಹೇಬರ ಹಾಗೆ ತೋಳು ನೋಡಿದವಳೇ.

ಅದು ನಾನು ಸಂಡೇಸ್ಕೂಲಿಗೆ ಸೇರಿದ ಹೊಸತು. ಉತ್ಸಾಹ ಹೆಚ್ಚು, ಅನುಮಾನ ಕಡಿಮೆ. ದೊಡ್ಡ ಮಕ್ಕಳ ತರಗತಿಯಲ್ಲಿ ಒಂದು ಭಾನುವಾರ ಐಡಾ ಸ್ಕಡರರ ಕಥೆ ಹೇಳಿದೆ. ವೆಲ್ಲೂರಿನ ಆಸ್ಪತ್ರೆಗೆ ಹೋಗಿಬಂದವರು ನಮ್ಮ ಓಣಿಗೊಬ್ಬರಾದರೂ ಸಿಗುತ್ತಾರೆ, ಆದರೆ ಅದನ್ನು ಕಟ್ಟಿದಾಕೆಯ ಕಥೆ ಎಲ್ಲರಿಗೂ ಗೊತ್ತಿರುವುದಿಲ್ಲ. ಹುಟ್ಟಿದ್ದು 1870ರಲ್ಲಿ, ತಮಿಳುನಾಡಿನಲ್ಲೇ, ಅಮೆರಿಕದ ಮಿಷನರಿ ಡಾಕ್ಟರುಗಳ ವಂಶದಲ್ಲಿ. ಮನೆತನದ ಈ ಮಿಷನರಿ ಕೆಲಸ ತನಗೆ ಬೇಡವೇ ಬೇಡ ಎಂದು ನಿರ್ಧರಿಸಿದ್ದ ಹುಡುಗಿ ಆಕೆ. ಅಮೆರಿಕದಲ್ಲಿ ಓದು ಮುಗಿಸಿ, ತಾಯಿಗೆ ಕಾಯಿಲೆಯೆಂದು ತಿಂಡಿವನಕ್ಕೆ ಬಂದಿದ್ದಳು. ಒಂದು ರಾತ್ರಿ ಒಬ್ಬ ಬ್ರಾಹ್ಮಣ ಗೃಹಸ್ಥ ಬಾಗಿಲಿಗೆ ಬಂದ. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬನ್ನಿ ಎಂದ. ನಾನು ಡಾಕ್ಟರಲ್ಲ, ನನ್ನ ತಂದೆ ಡಾಕ್ಟರು, ಅವರನ್ನು ಕರೆದುಕೊಂಡು ಹೋಗಿ ಎಂದಳು ಐಡಾ. ಪರಪುರುಷ ನನ್ನ ಹೆಂಡತಿಯನ್ನು ಮುಟ್ಟಿ ನೋಡುವುದಕ್ಕಿಂತ ಅವಳು ಸಾಯುವುದೇ ಮೇಲು ಎಂದು ಆತ ಹೊರಟುಹೋದ. ಅದೇ ರಾತ್ರಿ ಒಬ್ಬ ಮುಸಲ್ಮಾನ ಬಂದ, ಅದೇ ಮಾತು. ಮೂರನೆಯವನೊಬ್ಬ ಬಂದ, ಅದೇ ಮಾತು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಐಡಾ ಅಮೆರಿಕಕ್ಕೆ ಹಿಂತಿರುಗಿ, ಕಾರ್ನೆಲ್ ವೈದ್ಯಕೀಯ ಕಾಲೇಜಿನಿಂದ 1899ರಲ್ಲಿ ಡಾಕ್ಟರಾಗಿ ಹೊರಬಿದ್ದು, ವೆಲ್ಲೂರಿಗೆ ಬಂದು, 1918ರಲ್ಲಿ ಹೆಣ್ಣುಮಕ್ಕಳಿಗೇ ಒಂದು ವೈದ್ಯಕೀಯ ಶಾಲೆ ತೆರೆದಳು.

ಈ ಕಥೆಯನ್ನು ಯಾರು ಹೇಳಿದರೂ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ನನ್ನ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅತ್ತೇಬಿಟ್ಟಳು. ಹದಿನಾರು ವರ್ಷ. ಬಡತನ. ತಂದೆ ಕೆಲಸಕ್ಕಿದ್ದ ಹೆಂಚಿನ ಕಾರ್ಖಾನೆ ಇಂದೋ ನಾಳೆಯೋ ಮುಚ್ಚುವ ಸ್ಥಿತಿಯಲ್ಲಿತ್ತು, ಕೆಳಗೆ ಇಬ್ಬರು ತಮ್ಮಂದಿರು. ನಾನು ಆ ಕಣ್ಣೀರನ್ನು ನೋಡಿದೆ, ತಮ್ಮಂದಿರನ್ನೂ ನೋಡಿದೆ. ಎಲ್ಲರ ಎದುರಿಗೆ ಅವಳ ತಲೆಯ ಮೇಲೆ ಕೈಯಿಟ್ಟು “ಮಗೂ, ದೇವರು ನಿನ್ನನ್ನು ಕರೆಯುತ್ತಿದ್ದಾರೆ, ನೀನು ನರ್ಸ್ ಆಗಬೇಕು” ಎಂದೆ. ಡಾಕ್ಟರಾಗಬೇಕು ಎನ್ನಲಿಲ್ಲ, ಗಮನಿಸಿ. ದೇವರ ಉದ್ದೇಶ ಹೇಳುವಾಗಲೂ ಅವಳ ಅಪ್ಪನ ಸಂಬಳ ನನಗೆ ಮರೆತಿರಲಿಲ್ಲ. ಅಯ್ಯನವರು ಮೆಚ್ಚಿದರು. ಸ್ತ್ರೀಯರ ಕೂಟದವರು ಫೀಸಿಗೆ ದುಡ್ಡು ಕೂಡಿಸಿದರು. ಅವಳ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

ಹದಿನೆಂಟು ವರ್ಷದ ಮೇಲೆ ಒಂದು ಕ್ರಿಸ್ಮಸ್ಸಿಗೆ ಅವಳು ಗಲ್ಫಿನಿಂದ ರಜೆಯಲ್ಲಿ ಬಂದಿದ್ದಳು. ಅಷ್ಟರಲ್ಲಿ ತಮ್ಮಂದಿರಿಬ್ಬರೂ ಓದಿ ಕೆಲಸಕ್ಕೆ ಸೇರಿದ್ದರು, ಊರಿನಲ್ಲಿ ತಾರಸಿಯ ಮನೆ ಎದ್ದಿತ್ತು. ಆರಾಧನೆ ಮುಗಿದು ಎಲ್ಲರೂ ಕೇಕು ತಿನ್ನುತ್ತಿದ್ದಾಗ ನನ್ನನ್ನು ಗಂಟೆಗೋಪುರದ ಪಕ್ಕಕ್ಕೆ ಕರೆದುಕೊಂಡು ಹೋದಳು.

“ಟೀಚರ್, ನನಗೆ ಕೆಲಸದ ಮೇಲೆ ಬೇಸರ ಇಲ್ಲ. ಒಳ್ಳೆಯ ನರ್ಸ್ ಅಂತ ಹೆಸರೂ ಉಂಟು. ಆದರೆ ಒಂದು ಮಾತು ನಿಮಗೆ ಹೇಳಬೇಕು ಅಂತ ತುಂಬ ವರ್ಷದಿಂದ ಇತ್ತು. ನಾನು ದೇವರ ಹತ್ತಿರ ಕೇಳಿಯೇ ಇಲ್ಲ ಟೀಚರ್. ನಾನು ಕೇಳುವುದಕ್ಕೆ ಮೊದಲೇ ನೀವು ಉತ್ತರ ಹೇಳಿಬಿಟ್ಟಿರಿ. ಆಮೇಲೆ ಕೇಳುವುದಕ್ಕೇ ಹೆದರಿಕೆಯಾಯಿತು. ಬೇರೆ ಉತ್ತರ ಬಂದರೆ ಏನು ಮಾಡುವುದು?”

“ಬೇರೆ ಯಾವ ಉತ್ತರ ಬರಬಹುದಿತ್ತು?” ಎಂದು ಕೇಳಿದೆ. ಕೇಳಬಾರದಿತ್ತೋ ಏನೋ.

“ನನಗೆ ಲೆಕ್ಕ ಅಂದರೆ ಪ್ರಾಣ. ನೀವು ಕನ್ನಡ ಟೀಚರ್, ನಿಮಗೆ ಗೊತ್ತಿರಲಿಲ್ಲ” ಎಂದು ನಕ್ಕಳು. ಅಷ್ಟರಲ್ಲಿ ಯಾರೋ ಕರೆದರು, ಹೋದಳು. ಹೋಗುವ ಮುಂಚೆ ನನ್ನ ಕೈಗೆ ಒಂದು ಸೆಂಟಿನ ಬಾಟಲಿ ಕೊಟ್ಟಳು. ಅದು ಇನ್ನೂ ಕಪಾಟಿನಲ್ಲಿದೆ, ಮುಚ್ಚಳ ತೆಗೆದಿಲ್ಲ.

ಅವಳ ಬದುಕು ಹಾಳಾಗಲಿಲ್ಲ. ಅದನ್ನು ನಾನು ನನಗೇ ಬಹಳ ಸಲ ಹೇಳಿಕೊಂಡಿದ್ದೇನೆ. ಅವಳ ಕೈಯಿಂದ ಎಷ್ಟು ಜನ ಗುಣವಾಗಿ ಮನೆಗೆ ಹೋಗಿರಬಹುದು! ಕೆಲವರು ಹೇಳುತ್ತಾರೆ, ಫಲ ಒಳ್ಳೆಯದಾಯಿತಲ್ಲ, ಅದು ದೇವರ ಕರೆಯೇ ಆಗಿತ್ತು, ನಿಮ್ಮ ಬಾಯಿಂದ ಬಂತು, ಅಷ್ಟೆ. ಈ ವಾದ ನನಗೆ ಹಿಡಿಸುವುದಿಲ್ಲ. ಹೀಗೆ ಹೇಳುತ್ತಾ ಹೋದರೆ ನಾವು ಮಕ್ಕಳ ಮೇಲೆ ಹೇರಿದ್ದೆಲ್ಲ, ಅವು ಬಗ್ಗಿ ಹೊತ್ತುಕೊಂಡ ಕಾರಣಕ್ಕೇ, ದೇವರದಾಗಿಬಿಡುತ್ತದೆ. ಬಗ್ಗುವುದಂತೂ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ನೆರೆಯವರ ಸಂಕಟದಲ್ಲಿ ದೇವರ ಕರೆ ಇದೆ ಎಂಬ ಮಾತನ್ನು ನಾನು ಈಗಲೂ ನಂಬುತ್ತೇನೆ. ಐಡಾಳ ಬಾಗಿಲು ತಟ್ಟಿದ ಆ ಮೂವರು ಗಂಡಸರೇ ಅದಕ್ಕೆ ಸಾಕ್ಷಿ. ಆದರೆ ಬಾಗಿಲು ತಟ್ಟಿದ್ದನ್ನು ಆಕೆ ತನ್ನ ಕಿವಿಯಿಂದ ಕೇಳಿದ್ದಳು, ಬೆಳಗಿನ ಸಾವಿನ ಸುದ್ದಿ ಅವಳ ಎದೆಗೇ ಬಡಿದಿತ್ತು. ನನ್ನ ಹುಡುಗಿ ಕೇಳಿದ್ದು ನಾನು ಹೇಳಿದ ಕಥೆಯನ್ನು. ಹೆಣ್ಣುಮಕ್ಕಳಿಗೆ ಸಂಕಟ ಎಲ್ಲ ದಿಕ್ಕಿನಿಂದಲೂ ಕೇಳಿಸುತ್ತಲೇ ಇರುತ್ತದೆ. ಅಜ್ಜಿಯ ಕೆಮ್ಮು, ತಮ್ಮನ ಫೀಸು, ಅಪ್ಪನ ಸಾಲ. ಹೀಗಿರುವಾಗ ಸಂಕಟವೇ ಕರೆ ಎಂದುಬಿಟ್ಟರೆ, ನಿನಗೇನು ಇಷ್ಟ ಮಗೂ ಎಂದು ಕೇಳುವವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ, ಪರಲೋಕದಲ್ಲೂ ಇಲ್ಲವೆಂದು ಅವು ತಿಳಿಯುತ್ತವೆ.

ಅವಳು ಹೇಳಿದ ಮೇಲೆಯೇ ನಾನು ಬಾಲಕ ಸಮುವೇಲನ ಕಥೆಯನ್ನು ಸರಿಯಾಗಿ ಓದಿದ್ದು. ಆ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಬಿಳಿ ಅಂಗಿ ತೊಟ್ಟು, ಮೊಣಕಾಲೂರಿ, ಕೈಜೋಡಿಸಿ, ಬೆಳಕಿನ ಕಡೆ ಮುಖವೆತ್ತಿದ ಗುಂಗುರುಕೂದಲಿನ ಮಗುವಿನ ಚಿತ್ರ ಒಂದು ಕಾಲಕ್ಕೆ ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲಿತ್ತು. ರೆನಾಲ್ಡ್ಸ್ ಎಂಬ ಇಂಗ್ಲಿಷ್ ಚಿತ್ರಕಾರ ಹದಿನೆಂಟನೆಯ ಶತಮಾನದಲ್ಲಿ ಬರೆದ ಚಿತ್ರದ ನಕಲು. ಆ ಚಿತ್ರದಲ್ಲಿ ಹುಡುಗ ಒಬ್ಬನೇ ಇದ್ದಾನೆ. ಕಥೆಯಲ್ಲಿ ಒಬ್ಬನೇ ಇಲ್ಲ.

ಕಥೆಯಲ್ಲಿ ಏಲಿ ಎಂಬ ಮುದುಕ ಯಾಜಕನಿದ್ದಾನೆ. ಕಣ್ಣು ಮಂಜಾಗಿದೆ. ಮಕ್ಕಳಿಬ್ಬರೂ ಕೆಟ್ಟುಹೋಗಿದ್ದಾರೆ, ಯಜ್ಞಕ್ಕೆ ತಂದ ಮಾಂಸವನ್ನು ಜನರಿಂದ ಕಿತ್ತು ತಿನ್ನುತ್ತಾರೆ. ತಂದೆ ಬೈಯುತ್ತಾನೆ, ತಡೆಯುವುದಿಲ್ಲ. ಇವನು ಮನುಷ್ಯರನ್ನು ಗುರುತಿಸುವುದರಲ್ಲೂ ಅಷ್ಟಕ್ಕಷ್ಟೆ. ಮಕ್ಕಳಿಲ್ಲದ ಹನ್ನ ಶಿಲೋವಿನ ಆಲಯದಲ್ಲಿ ತುಟಿಯಲ್ಲೇ ಮೊರೆಯಿಡುತ್ತಿದ್ದಾಗ ಅವಳು ಕುಡಿದು ಬಂದಿದ್ದಾಳೆಂದು ಗದರಿಸಿದವನು ಇವನೇ. ಆ ಹನ್ನಳ ಹರಕೆಯ ಮಗ ಸಮುವೇಲ ಈಗ ಇವನ ಕೈಕೆಳಗೆ ಬೆಳೆಯುತ್ತಿದ್ದಾನೆ. ತಾಯಿ ವರ್ಷಕ್ಕೊಮ್ಮೆ ಬರುತ್ತಾಳೆ, ಬರುವಾಗ ಒಂದು ಪುಟ್ಟ ಮೇಲಂಗಿ ಹೊಲಿದು ತರುತ್ತಾಳೆ. ಈ ಒಂದು ಸಂಗತಿ ಓದಿದಾಗಲೆಲ್ಲ ನನ್ನ ಕೈ ಪುಟದ ಮೇಲೆ ನಿಲ್ಲುತ್ತದೆ. ಕಣ್ಣೆದುರಿಗಿಲ್ಲದ ಮಗುವಿಗೆ ಅಂಗಿ ಹೊಲಿಯುವುದು ಹೇಗೆ? ಈ ವರ್ಷ ಎಷ್ಟು ಎತ್ತರ ಬೆಳೆದಿರಬಹುದು, ತೋಳು ಎಷ್ಟು ಉದ್ದವಾಗಿರಬಹುದು ಎಂದು ಅಂದಾಜಿನಲ್ಲೇ ಕತ್ತರಿಸಬೇಕು. ಕೆಲವು ವರ್ಷ ಬಿಗಿಯಾಗಿರಬೇಕು, ಕೆಲವು ವರ್ಷ ದೊಗಳೆಯಾಗಿರಬೇಕು. ಹರಕೆ ಹೊತ್ತು ಮಗನ ಬದುಕನ್ನೇ ಗೊತ್ತುಮಾಡಿದ ತಾಯಿಗೂ ಅವನ ಅಂಗಿಯ ಅಳತೆ ಗೊತ್ತಿರಲಿಲ್ಲ.

ಒಂದು ರಾತ್ರಿ ಹುಡುಗನಿಗೆ ತನ್ನನ್ನು ಯಾರೋ ಕರೆದ ಹಾಗೆ ಕೇಳಿಸುತ್ತದೆ. ಅವನು ಓಡುವುದು ಏಲಿಯ ಹತ್ತಿರ. ಮಕ್ಕಳು ಮತ್ತೆ ಯಾರ ಹತ್ತಿರ ಓಡಿಯಾವು? ದೇವರ ದನಿ ಕೇಳಿಸಿದರೂ ಅವಕ್ಕೆ ಅದು ಮನೆಯ ಹಿರಿಯರ ದನಿಯ ಹಾಗೆಯೇ ಕೇಳಿಸುತ್ತದೆ. ಏಲಿ ಏನನ್ನಬಹುದಿತ್ತು? ಹೌದು, ನಾನೇ ಕರೆದೆ, ದೀಪಕ್ಕೆ ಎಣ್ಣೆ ಹಾಕು ಎನ್ನಬಹುದಿತ್ತು. ಹುಡುಗ ಹಾಕುತ್ತಿದ್ದ. ಎದ್ದೂ ಆಗಿದೆ, ಕಣ್ಣು ಕಾಣದ ಮುದುಕನಿಗೆ ಕೆಲಸವೂ ಇದ್ದೇ ಇರುತ್ತದೆ. ಏಲಿ ಹಾಗೆ ಮಾಡಲಿಲ್ಲ. ಕರೆದದ್ದು ತಾನಲ್ಲವೆಂದು ಹೇಳಿ ಮಲಗಲು ಕಳಿಸಿದ. ಎರಡನೆಯ ಸಲವೂ ಕಳಿಸಿದ. ಮೂರನೆಯ ಸಲ ಓಡಿಬಂದಾಗಲೇ ಅವನಿಗೆ ಹೊಳೆದದ್ದು. ಯಾಜಕನಾಗಿ ಮುದುಕನಾದವನಿಗೂ ಮೂರು ಸಲ ಬೇಕಾಯಿತು. ಹೊಳೆದ ಮೇಲೂ ಅವನು ದೇವರು ಏನು ಹೇಳಬಹುದೆಂದು ಊಹಿಸಿ ಹೇಳಲಿಲ್ಲ. ಹುಡುಗನ ಜೊತೆ ಎದ್ದುಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಲೂ ಇಲ್ಲ. ಮತ್ತೆ ಕರೆ ಬಂದರೆ ಹೇಗೆ ಉತ್ತರಿಸಬೇಕೆಂದು ಮಾತ್ರ ಕಲಿಸಿ, ಮತ್ತೆ ಮಲಗಲು ಕಳಿಸಿದ.

ಸಂಡೇಸ್ಕೂಲಿನ ಪಾಠ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ರಾತ್ರಿ ದೇವರು ಹುಡುಗನಿಗೆ ಹೇಳಿದ್ದೇನು? ಏಲಿಯ ಮನೆತನ ಮುಗಿಯಿತು ಎಂದು. ಹುಡುಗ ಬೆಳಗಾಗುವವರೆಗೆ ಮಲಗಿದ್ದು, ಎದ್ದು ಆಲಯದ ಬಾಗಿಲು ತೆರೆದ, ಆದರೆ ಹೇಳಲು ಹೆದರಿದ. ಏಲಿಯೇ ಕರೆದು, ಒಂದನ್ನೂ ಮುಚ್ಚಿಡಬೇಡ ಎಂದು ಆಣೆಯಿಟ್ಟು ಕೇಳಿದ. ಹುಡುಗ ಎಲ್ಲ ಹೇಳಿದ. ಮುದುಕ ಅದನ್ನು ಕೇಳಿ, ದೇವರು ತನಗೆ ಸರಿತೋರಿದ್ದನ್ನು ಮಾಡಲಿ ಎಂದ. ನಿನಗೆ ತಪ್ಪಾಗಿ ಕೇಳಿಸಿರಬೇಕು ಎನ್ನಲಿಲ್ಲ.

ಎಲ್ಲ ಹಿರಿಯರಿಗೂ ಈ ಮನಸ್ಸು ಬರುವುದಿಲ್ಲ. ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯನ್ನು ನೋಡಿ. ತಂದೆ ಕಾರ್ಕಳದ ಹತ್ತಿರದ ಮಾಳದ ಶಾಸ್ತ್ರಿಗಳು, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ಮಾತು ಕೇಳಿದವರು. ಆ ತಾಯಿಯಿಂದಲೇ ಮಗಳು ಪುರಾಣ ಕಲಿತಳು. 1870ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ಕ್ರೈಸ್ತಳಾದಾಗ ಅವಳನ್ನು ಮನೆಯಲ್ಲಿಟ್ಟುಕೊಂಡ ಸಂನ್ಯಾಸಿನಿಯರು ಪ್ರೀತಿಸಿದ್ದು ನಿಜವೇ. ಆದರೆ ಆಕೆ ಏನು ಓದಬೇಕು, ಯಾರಿಗೆ ಪಾಠ ಹೇಳಬಹುದು, ದೇವರನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನೆಲ್ಲ ಅವರೂ ಅಲ್ಲಿನ ಧರ್ಮಗುರುಗಳೂ ಗೊತ್ತುಮಾಡಲು ಹೊರಟರು. ರಮಾಬಾಯಿ ಕಾಗದದ ಮೇಲೆ ಕಾಗದ ಬರೆದು ಜಗಳವಾಡಿದಳು. ಒಬ್ಬ ಪುರೋಹಿತರ ನೊಗದಿಂದ ಬಿಡಿಸಿಕೊಂಡು ಬಂದವಳು ಇನ್ನೊಬ್ಬ ಪುರೋಹಿತರ ನೊಗಕ್ಕೆ ಕತ್ತು ಕೊಡಲಾರೆ ಎಂಬುದು ಅವಳ ಮಾತಿನ ಸಾರ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದದ್ದು ಹೀಗೆ ಜಗಳವಾಡಿ ಉಳಿಸಿಕೊಂಡ ಆ ಮನಸ್ಸಿನಿಂದಲೇ. ಆ ಸಂನ್ಯಾಸಿನಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಕಾಗದ ಹೆಚ್ಚು ಬರೆಯುತ್ತಿದ್ದೆನೋ ಏನೋ.

ಇಷ್ಟೆಲ್ಲ ಓದಿಕೊಂಡವಳು ನಾನು ತಂಗಿಯ ಮಗಳ ವಿಷಯದಲ್ಲಿ ಏಲಿಯ ಹಾಗೆ ನಡೆದುಕೊಂಡೆನೆ?

ತಂಗಿಯ ಆಸೆ ಗುಟ್ಟಾಗಿಯೇನೂ ಇರಲಿಲ್ಲ. ಶಿಬಿರದ ಮರುದಿನವೇ ಫೋನು ಮಾಡಿ “ಅಕ್ಕಾ, ನೀನೇ ಅವಳಿಗೊಂದು ಮಾತು ಹೇಳು. ನಿನ್ನ ಮಾತೆಂದರೆ ಅವಳಿಗೆ ವೇದವಾಕ್ಯ. ನರ್ಸಿಂಗಿಗೆ ಸೇರಲಿ, ಜರ್ಮನ್ ಕಲಿಯಲಿ, ನಾಲ್ಕೈದು ವರ್ಷದಲ್ಲಿ ಜರ್ಮನಿಗೆ ಹೋಗಬಹುದು. ಪ್ರಾರ್ಥನೆ ಮಾಡಿದ್ದೇವೆ, ನಮಗೆ ಸಮಾಧಾನ ಸಿಕ್ಕಿದೆ” ಎಂದಳು. (ಕಿಟ್ಟೆಲರು 1853ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತರು, ಈಗ ನಮ್ಮ ಹುಡುಗಿಯರು ಜರ್ಮನ್ ಕಲಿತು ಆ ಕಡೆ ಹೋಗುತ್ತಿದ್ದಾರೆ. ಸುವಾರ್ತೆ ಸಾರಲೆಂದು ಬಂದ ಅವರ ಪ್ರಸಂಗಗಳನ್ನು ಇಂದು ಯಾರೂ ನೆನೆಯುವುದಿಲ್ಲ, 1894ರ ನಿಘಂಟು ಮಾತ್ರ ನಮ್ಮ ಮೇಜಿನ ಮೇಲಿದೆ. ಯಾವುದು ಉದ್ದೇಶ, ಯಾವುದು ಉಪಕಸುಬು ಎಂದು ಯಾರು ಹೇಳಬೇಕು!)

ನನಗೆ ಗಂಟೆಗೋಪುರದ ಪಕ್ಕದ ಮಾತು ನೆನಪಾಗಿ ಮೈ ಬಿಸಿಯಾಯಿತು. ಈ ಸಲ ಈ ತಪ್ಪು ಆಗಕೂಡದು ಎಂದುಕೊಂಡೆ. ಆ ವಾರವಿಡೀ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ನರ್ಸಿಂಗಿನ ಕಷ್ಟಗಳನ್ನು ಹೇಳಿದೆ. ರಾತ್ರಿಪಾಳಿ, ಬೆನ್ನುನೋವು, ದೂರದೇಶದ ಒಂಟಿತನ. ನಿನಗೆ ಓದಲು ಇಷ್ಟ, ಬರೆಯುತ್ತೀ, ಹಾಡುತ್ತೀ, ಬಿ.ಎ. ಮಾಡು, ಟೀಚರಾಗು, ಯಾರ ಮಾತನ್ನೂ ಕೇಳಬೇಡ, ನಿನ್ನ ಮನಸ್ಸಿನ ದನಿ ಕೇಳು ಎಂದೆ. ಅವಳು ಉದ್ದಕ್ಕೂ ಹೂಂಗುಟ್ಟಿದಳು. ಎದುರುತ್ತರ ಕೊಡುವ ಹುಡುಗಿಯಲ್ಲ.

ಶನಿವಾರ ಸಂಜೆ ನಾವಿಬ್ಬರೂ ಹಿತ್ತಲಲ್ಲಿ ಬಸಳೆಯ ಚಪ್ಪರ ಸರಿಮಾಡುತ್ತಿದ್ದೆವು. “ಯಾಕೆ ಮಾತೇ ಇಲ್ಲ? ಮನಸ್ಸಿನಲ್ಲಿ ಏನಿದೆ, ಮುಚ್ಚಿಡಬೇಡ” ಎಂದೆ. ಏಲಿಯ ಮಾತನ್ನೇ ಆಡುತ್ತಿದ್ದೇನೆಂದು ಆ ಕ್ಷಣಕ್ಕೆ ನನಗೆ ಗೊತ್ತಿರಲಿಲ್ಲ.

ಅವಳು ಬಳ್ಳಿ ಕಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದಳು: “ದೊಡ್ಡಮ್ಮ, ಬೇಜಾರು ಮಾಡಬೇಡಿ. ಅಮ್ಮ ನರ್ಸಿಂಗ್ ಮಾಡು ಅನ್ನುತ್ತಾರೆ. ನೀವು ನರ್ಸಿಂಗ್ ಬೇಡ ಅನ್ನುತ್ತೀರಿ. ಇಬ್ಬರೂ ನನ್ನ ವಿಷಯ ಮಾತಾಡುತ್ತಾ ಇಲ್ಲ. ಅಮ್ಮನಿಗೆ ಮನೆಯ ಸಾಲ ಉಂಟು. ನಿಮಗೆ ಆ ಗಲ್ಫಿನ ಅಕ್ಕನ ಸಾಲ ಉಂಟು. ಅದನ್ನು ನನ್ನ ಹತ್ತಿರ ತೀರಿಸಲಿಕ್ಕೆ ಆಗುವುದಿಲ್ಲ.”

ಆ ಕಥೆಯನ್ನು ನಾನೇ ಯಾವಾಗಲೋ ಅವಳಿಗೆ ಹೇಳಿದ್ದೆ. ಸ್ವಲ್ಪ ಹೊತ್ತು ಬಸಳೆ ಎಲೆಗಳನ್ನು ನೋಡುತ್ತಾ ನಿಂತೆ. ನಿನಗೆ ತಪ್ಪಾಗಿ ಕಾಣುತ್ತಿದೆ ಎನ್ನಲು ಬಾಯಿ ತೆರೆದದ್ದೂ ಹೌದು. ಆಮೇಲೆ ಮುಚ್ಚಿಕೊಂಡೆ.

“ಹಾಗಾದರೆ ನಿನಗೆ ನರ್ಸಿಂಗ್ ಬೇಕೆ?” ಎಂದು ಕೇಳಿದೆ.

“ಗೊತ್ತಿಲ್ಲ ದೊಡ್ಡಮ್ಮ. ಬೇಡ ಅಂತಲೂ ಇಲ್ಲ. ನನಗೆ ಸ್ವಲ್ಪ ಟೈಮ್ ಬೇಕು. ಶಿಬಿರದಲ್ಲಿ ಒಂದು ಗಂಟೆ ಕೊಟ್ಟರು.”

ತಂಗಿಗೆ ನಾನೇ ಫೋನು ಮಾಡಿದೆ. ನಾನು ಏನೂ ಹೇಳುವುದಿಲ್ಲ, ನೀನೂ ಸ್ವಲ್ಪ ದಿನ ಹೇಳಬೇಡ ಎಂದೆ. ಜಗಳವಾಯಿತು. ನಿನಗೇನು, ಪೆನ್ಷನ್ ಬರುತ್ತದೆ ಎಂದಳು. ಅದರಲ್ಲಿ ಸುಳ್ಳೇನೂ ಇಲ್ಲ. ಸಾಲ ಅವಳದ್ದು, ಬಡ್ಡಿ ಕಟ್ಟುವವಳು ಅವಳು. ಮಕ್ಕಳಿಗೆ ಕಾಲಾವಕಾಶ ಕೊಡಿ ಎನ್ನುವುದು ನನ್ನಂಥವರಿಗೆ ಸುಲಭ. ದೇವರು ಮಾತಾಡುವವರೆಗೆ ಬ್ಯಾಂಕು ಕಾಯುತ್ತದೆಯೆ ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಎರಡು ತಿಂಗಳು ಅವಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಹುಡುಗಿ ಸದ್ಯಕ್ಕೆ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ಅದನ್ನು ಆರಿಸಿದ್ದು ಅವಳೇ. ಮುಂದಿನ ವರ್ಷ ನರ್ಸಿಂಗಿಗೆ ಹೋದರೂ ಹೋದೆನೇ ಎನ್ನುತ್ತಾಳೆ. ಜರ್ಮನ್ ಕ್ಲಾಸಿಗೂ ಸೇರಿಕೊಂಡಿದ್ದಾಳೆ, ತಾಯಿಯ ಸಮಾಧಾನಕ್ಕೋ ತನ್ನ ಖುಷಿಗ��� ನಾನು ಕೇಳಲಿಲ್ಲ. ಭಾನುವಾರ ಸಣ್ಣ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಎರಡು ಭಾನುವಾರ ಬರಲೇ ಇಲ್ಲ, ಅದನ್ನೂ ಕೇಳಲಿಲ್ಲ. ಕೇಳದೆ ಇರುವುದು ನನಗೆ ಎಷ್ಟು ಕಷ್ಟವೆಂದು ನನ್ನ ಮನೆಯವರಿಗೆ ಮಾತ್ರ ಗೊತ್ತು.

ಮೊನ್ನೆ ಆರಾಧನೆಯಲ್ಲಿ ಅವಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. ವೇದಪಾಠಕ್ಕೆ ಪುಟ ತಿರುಗಿಸುವಾಗ ಅವಳ ಸತ್ಯವೇದದಿಂದ ಆ ಹಾಳೆ ಜಾರಿ ನನ್ನ ಮಡಿಲಿಗೆ ಬಿತ್ತು. ಇನ್ನೂ ಇಟ್ಟುಕೊಂಡಿದ್ದಾಳೆ. ನೋಡಬಾರದೆಂದುಕೊಂಡೂ ನೋಡಿದೆ. ಗೆರೆಗಳೆಲ್ಲ ಹಾಗೆಯೇ ಖಾಲಿ ಇವೆ. ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಿಂದ ಕಾಲೇಜಿನ ಬಸ್ಸಿನ ವೇಳೆ ಬರೆದಿಟ್ಟಿದ್ದಾಳೆ: 7.40, 8.15.